ತಂಗಿಗಿಂತ ಚಿಕ್ಕ ಅಕ್ಕ

ನೀಲಾಂಬಿಕಾ ಕಣ್ಣು ಮುಚ್ಚಿದಾಗ ಅವಳ ತಂಗಿ ಗಂಗಾಂಬಿಕಾ ಆರನೇ ಇಯತ್ತೆಯಲ್ಲಿ ಓದುತ್ತಿದ್ದಳು. ಕಣ್ಣು ಬಿಟ್ಟಾಗ ಅದೇ ತಂಗಿಗೆ ಒಂಬತ್ತನೇ ಇಯತ್ತೆಯಲ್ಲಿ ಓದುವ ಮಗಳಿದ್ದಳು. ನಡುವೆ ಇಪ್ಪತ್ತೆರಡು ವರ್ಷ ಕಳೆದುಹೋಗಿದ್ದವು. ನೀಲಾಳಿಗೆ ಮಾತ್ರ ಅದು ರೆಪ್ಪೆ ಬಡಿದಷ್ಟು ಹೊತ್ತು.

ಹಾಸಿಗೆಯ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅದೇ ಅಗಲವಾದ ಹಣೆ, ಅದೇ ಗಲ್ಲದ ಮೇಲಿನ ಗುಳಿ. ನೀಲಾ ಒಣಗಿದ ನಾಲಿಗೆಯನ್ನು ಹೊರಳಿಸಿ, "ಅವ್ವಾ, ನೀರು" ಎಂದಳು.

ಆ ಹೆಂಗಸಿನ ಕಣ್ಣಲ್ಲಿ ನೀರು ತುಂಬಿತು. "ಯಕ್ಕಾ, ನಾನು ಗಂಗಾ" ಎಂದಳು.

ನೀಲಾ ನಂಬಲಿಲ್ಲ. ಮಂಪರಿನಲ್ಲಿ ಏನೋ ತಪ್ಪು ಕೇಳಿಸಿತು ಎಂದುಕೊಂಡಳು. ಹೊರಳಿ ಬಾಗಿಲ ಕಡೆ ನೋಡಿದರೆ ಅಲ್ಲಿ ಬಿಳಿಗೂದಲಿನ ಮುದುಕಿಯೊಬ್ಬಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಒಳಗೆ ಬರಲು ಹೆದರಿದವಳಂತಿದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡ ರೀತಿಯಿಂದ ನೀಲಾಳಿಗೆ ಗುರುತು ಹತ್ತಿತು. ಅವಳೇ ಅವ್ವ, ದಾನಮ್ಮ. ತಾನು ಕಣ್ಣು ಮುಚ್ಚುವಾಗ ಅವ್ವನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ.

ನೀಲಾ ಕೋಣೆಯ ಸುತ್ತ ಕಣ್ಣಾಡಿಸಿ ಕೇಳಿದಳು, "ಅಪ್ಪ ಎಲ್ಲಿ?"

ಅವ್ವ ಚೌಕಟ್ಟಿಗೆ ಹಣೆ ಒತ್ತಿದಳು. ಉತ್ತರ ಸಿಕ್ಕಂತಾಯಿತು.

ಆಗಿದ್ದಿಷ್ಟು. ಹದಿನಾಲ್ಕನೇ ವಯಸ್ಸಿನಲ್ಲಿ ನೀಲಾಳ ಶ್ವಾಸಕೋಶಗಳು ಗಟ್ಟಿಯಾಗತೊಡಗಿದವು. ಗಾಳಿ ಎಳೆದುಕೊಂಡು ಹಿಗ್ಗಬೇಕಾದ ಮೆದು ಅಂಗಾಂಶ ಒಣ ಚರ್ಮದಂತೆ ಬಿಗಿಯುತ್ತ ಬಂತು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಆದರೆ ಗದಗಿನ ದಕ್ಷಿಣಕ್ಕೆ, ಕಪ್ಪತ್ತಗುಡ್ಡದ ಬುಡದಲ್ಲಿ, ಆಗಷ್ಟೇ ಒಂದು ಶೀತನಿದ್ರಾ ಕೇಂದ್ರ ತೆರೆದಿತ್ತು. ಉತ್ತರದ ಹಿಮಕಾಡುಗಳಲ್ಲಿ ಒಂದು ಬಗೆಯ ಕಪ್ಪೆ ಇದೆ. ಚಳಿಗಾಲದಲ್ಲಿ ಅದು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಎದೆಬಡಿತ ನಿಲ್ಲುತ್ತದೆ. ಬಿಸಿಲು ಬಂದಾಗ ಕರಗಿ, ಏನೂ ಆಗಿಲ್ಲವೆಂಬಂತೆ ಕುಪ್ಪಳಿಸಿ ಹೋಗುತ್ತದೆ. ಅದರ ಮೈಯಲ್ಲಿ ಜೀವಕೋಶಗಳನ್ನು ಕಾಯುವ ಸಕ್ಕರೆಯ ರಸವನ್ನು ಅಭ್ಯಾಸ ಮಾಡಿ ವಿಜ್ಞಾನಿಗಳು ಮನುಷ್ಯರ ರಕ್ತದ ಬದಲಿಗೆ ಹರಿಯಬಲ್ಲ ಒಂದು ದ್ರವವನ್ನು ತಯಾರಿಸಿದ್ದರು. ಅದನ್ನು ತುಂಬಿ ದೇಹವನ್ನು ತಂಪು ಮಾಡಿದರೆ ಇಡೀ ಒಂದು ವರ್ಷದಲ್ಲಿ ದೇಹ ಸವೆಯುವುದು ಅರ್ಧ ದಿನದಷ್ಟು ಮಾತ್ರ. ರೋಗವೂ ಅಷ್ಟೇ ನಿಧಾನ. ಮದ್ದು ಸಿಗುವ ತನಕ ಮಗು ಮಲಗಿರಲಿ ಎಂದು ವೈದ್ಯರು ಹೇಳಿದರು. ಬಹುಶಃ ಮೂರು ವರ್ಷ ಆಗಬಹುದು ಎಂದಿದ್ದರು.

ಮೂರು ಇಪ್ಪತ್ತೆರಡಾಯಿತು. ಕೊನೆಗೆ ನೀಲಾಳದೇ ಜೀವಕೋಶಗಳಿಂದ ಹೊಸ ಶ್ವಾಸಕೋಶಗಳನ್ನು ಬೆಳೆಸುವುದು ಸಾಧ್ಯವಾಯಿತು. ನಿದ್ದೆಯಲ್ಲಿರುವಾಗಲೇ ಅವನ್ನು ಕೂರಿಸಿ, ಡಾಕ್ಟರ್ ಸಬೀಹಾ ನದಾಫ್ ಎಂಬ ಹಿರಿಯ ವೈದ್ಯೆ ಅವಳನ್ನು ಎಬ್ಬಿಸಿದರು. ಅಪ್ಪ ವೀರಪ್ಪ, ಗದಗ-ಮುಂಡರಗಿ ಬಸ್ಸಿನ ಡ್ರೈವರ್, ಎಂಟು ವರ್ಷದ ಹಿಂದೆಯೇ ತೀರಿಕೊಂಡಿದ್ದ.

ಮನೆಗೆ ಬಂದ ಮೇಲೆ ನೀಲಾ ಮೊದಮೊದಲು ಹೊಸ ಸಾಮಾನುಗಳನ್ನು ಕಂಡು ಬೆರಗಾದಳು. ಬಸ್ಸುಗಳಿಗೆ ಡ್ರೈವರೇ ಇರಲಿಲ್ಲ. ಬೆಟಗೇರಿಯಲ್ಲಿ ಅವ್ವ ನಡೆಸುತ್ತಿದ್ದ ಖಾನಾವಳಿಯಲ್ಲಿ ಹಿಟ್ಟು ನಾದಲು, ರೊಟ್ಟಿ ಬಡಿಯಲು ಯಂತ್ರ ಬಂದಿತ್ತು. ಆ ಬೆರಗು ಬೇಗ ಹಳತಾಯಿತು. ಹಳತಾಗದೆ ಚುಚ್ಚುತ್ತ ಉಳಿದದ್ದು ಮನುಷ್ಯರ ಸಂಗತಿ. ಮೊನ್ನೆ ಮೊನ್ನೆ ತನ್ನ ರಿಬ್ಬನ್ ಕದ್ದಿದ್ದಕ್ಕೆ ಜಗಳವಾಡಿದ್ದ ತಂಗಿ ಈಗ ತಲೆ ಬಾಚುತ್ತಿದ್ದಳು, ಹಾಲು ಕುಡಿ ಎಂದು ಗದರುತ್ತಿದ್ದಳು, ಹೊರಗೆ ಹೊರಟರೆ ಸ್ವೆಟರ್ ಹಾಕಿಸುತ್ತಿದ್ದಳು. ಗದರಿದ ಮೇಲೆ "ಯಕ್ಕಾ" ಎಂದು ಸೇರಿಸುತ್ತಿದ್ದಳು. ಗಾಳಿಯಂತ್ರಗಳ ರಿಪೇರಿ ಕೆಲಸದ ಮೇಲೆ ಗುಡ್ಡದಲ್ಲೇ ವಾರಗಟ್ಟಲೆ ಇರುತ್ತಿದ್ದ ಗಂಗಾಳ ಗಂಡ, ಹೆಂಡತಿಯ ಅಕ್ಕನಾದರೂ ತನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ನೀಲಾಳನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದೆ ಬರೀ ನಕ್ಕು ಸುಮ್ಮನಾಗುತ್ತಿದ್ದ.

ಎಲ್ಲಕ್ಕಿಂತ ಪೇಚಾಟ ಇಳಾಳದು. ಇಳಾ ಗಂಗಾಳ ಒಬ್ಬಳೇ ಮಗಳು. ನೀಲಾಳಿಗಿಂತ ಕೆಲವೇ ತಿಂಗಳು ಚಿಕ್ಕವಳು, ಎತ್ತರದಲ್ಲಿ ಒಂದು ಗೇಣು ಹೆಚ್ಚು. ಅವ್ವನ ಅಕ್ಕ ಎಂದರೆ ದೊಡ್ಡವ್ವ. ಹಾಗೆಯೇ ಕರೆಯಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಇಬ್ಬರೂ ಒಂದೇ ಶಾಲೆಯ ಒಂಬತ್ತನೇ ಇಯತ್ತೆಯಲ್ಲಿ ಕೂತರು. ಮೊದಲ ದಿನವೇ ಅಭ್ಯಾಸಬಲದಿಂದ ಇಳಾಳ ಬಾಯಿಂದ "ದೊಡ್ಡವ್ವಾ, ಸರಕೊ" ಎಂದು ಬಂದುಬಿಟ್ಟಿತು. ವರ್ಗವೆಲ್ಲ ಗೊಳ್ಳೆಂದಿತು. ಅಂದಿನಿಂದ ಹುಡುಗಿಯರೆಲ್ಲ ನೀಲಾಳನ್ನು ಅದೇ ಹೆಸರಿನಿಂದ ಕರೆಯತೊಡಗಿದರು. ನೀಲಾ ನಗುತ್ತಲೇ ತಡೆದುಕೊಂಡಳು. ಇಳಾ ತಡೆದುಕೊಳ್ಳಲಾರದೆ ಬೇರೆ ಬೆಂಚಿಗೆ ಹೋಗಿ ಕುಳಿತಳು. ಮನೆಯಲ್ಲಿ ಅವಳ ಕೋಣೆಯ ಅರ್ಧ ಹೋಗಿತ್ತು, ಈಗ ಶಾಲೆಯೂ ಹೋಯಿತು. ಅವಳ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ.

ಆದರೂ ನೀಲಾಳಿಗೆ ತಂಗಿಯ ಗದರಿಕೆಗಿಂತ, ಶಾಲೆಯ ನಗುವಿಗಿಂತ ಭಾರವಾದದ್ದು ಅವ್ವನ ಮೌನ. ಅವ್ವ ಅವಳ ಎದುರು ಕೂತು ನೋಡುತ್ತಿದ್ದಳು. ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಏನಾದರೂ ಕೇಳಿದರೆ ಹೂಂ, ಉಹೂಂ ಅನ್ನುತ್ತಿದ್ದಳು. ಮಗಳನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದಳು. ಹಿಂದೆ ಇದೇ ಅವ್ವ ಓಣಿಯ ಆ ತುದಿಗೆ ಕೇಳುವಂತೆ ಹೆಸರು ಹಿಡಿದು ಕೂಗಿ ಬಯ್ಯುತ್ತಿದ್ದಳು.

ಅದೊಂದು ಸಂಜೆ ಇಳಾ ಬಟ್ಟೆ ಮಡಚುತ್ತ, ಯಾವುದೋ ಮಾತಿಗೆ, ಅಜ್ಜಿ ಹೀಗಿರಲಿಲ್ಲ ಎಂದಳು. ಪ್ರತಿ ಸೋಮವಾರ ಖಾನಾವಳಿ ಮುಚ್ಚಿ ಎಲ್ಲರೂ ಕೇಂದ್ರಕ್ಕೆ ಹೋಗುತ್ತಿದ್ದರಂತೆ. ಅಜ್ಜಿ ನೀಲಾ ಮಲಗಿದ್ದ ಗಾಜಿನ ತೊಟ್ಟಿಲಿನ ಮುಂದೆ ಕೂತು ತಾಸುಗಟ್ಟಲೆ ಮಾತಾಡುತ್ತಿದ್ದಳಂತೆ. ಜೋಳದ ದರದಿಂದ ಹಿಡಿದು ಯಾರ ಮನೆಯಲ್ಲಿ ಯಾರಿಗೆ ಹೆರಿಗೆಯಾಯಿತು ಎಂಬುದರ ತನಕ ಹೇಳುತ್ತಿದ್ದಳಂತೆ.

"ನೀ ಎದ್ದ ಮ್ಯಾಲೇ ಅಜ್ಜಿ ಮಾತು ನಿಂತಾವ" ಎಂದಳು ಇಳಾ.

ಮಳೆಗಾಲದ ಆರಂಭದಲ್ಲಿ, ಶಾಲೆಯ ಮೆಟ್ಟಿಲು ಹತ್ತುತ್ತಿದ್ದಾಗ, ನೀಲಾಳಿಗೆ ಉಸಿರು ಸಿಕ್ಕಿಕೊಂಡಿತು. ಹಳೆಯ ಪರಿಚಯದ ಸಂಕಟ ಅದು. ಕಂಬ ಹಿಡಿದು ಕೂತವಳ ತುಟಿ ನೀಲಿಯಾಗಿತ್ತು. ಮೊದಲು ನೋಡಿದವಳು ಇಳಾ. ಅವಳು ಬ್ಯಾಗು ಎಸೆದು ಓಡಿ ಬಂದು, ನೀಲಾಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕೆಳಗಿಳಿದು, ದಾರಿ ಬಿಡಿ ಎಂದು ಇಡೀ ಶಾಲೆಗೆ ಕೇಳುವಂತೆ ಕೂಗಿದಳು. ಆ ದಿನದಿಂದ ಆ ಶಾಲೆಯಲ್ಲಿ ಯಾರೂ ನೀಲಾಳನ್ನು ನೋಡಿ ನಗಲಿಲ್ಲ.

ಕೇಂದ್ರದ ನಿಯಂತ್ರಣ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಡಾಕ್ಟರ್ ಸಬೀಹಾ ನೀಲಾ, ಅವ್ವ, ಗಂಗಾ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಶ್ವಾಸಕೋಶಗಳಲ್ಲಿ ದೋಷವಿಲ್ಲ. ದೋಷ ಇರುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಮೈಯನ್ನು ರೋಗದಿಂದ ಕಾಯುವ ಕೋಶಗಳು ಹುಟ್ಟುವುದು ಅಲ್ಲಿ. ಇಷ್ಟು ದೀರ್ಘ ಕಾಲ ಮಲಗಿ ಎದ್ದ ಮಜ್ಜೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಗುರುತು ಮರೆತಿತ್ತು; ಅದರ ಕೋಶಗಳು ಹೊಸ ಶ್ವಾಸಕೋಶಗಳನ್ನೇ ಕಡಿಯುತ್ತಿದ್ದವು.

"ಮನಿ ಕಾಯೋ ನಾಯಿ ಭಾಳ ದಿನ ಮಲಗಿ ಎದ್ದು, ಮನಿಯವರ ಮ್ಯಾಲೇ ಬೀಳಾಕತ್ತೈತಿ" ಎಂದರು ಡಾಕ್ಟರ್.

ದಾರಿಗಳು ಎರಡಿದ್ದವು. ಒಂದು, ನೀಲಾ ಮತ್ತೆ ಶೀತನಿದ್ರೆಗೆ ಹೋಗುವುದು. ಮಜ್ಜೆಯನ್ನು ಸೌಮ್ಯವಾಗಿ ಸರಿಪಡಿಸುವ ವಿಧಾನದ ಮೇಲೆ ಸಂಶೋಧನೆ ನಡೆದಿತ್ತು. ಹತ್ತು ವರ್ಷವೋ ಇಪ್ಪತ್ತೋ, ಯಾರೂ ಹೇಳಲಾರರು. ಆದರೆ ಅಲ್ಲಿಯ ತನಕ ಜೀವಕ್ಕೆ ಅಪಾಯವಿಲ್ಲ. ಇನ್ನೊಂದು, ಎಚ್ಚರವಾಗಿದ್ದೇ ಔಷಧಿಯಿಂದ ಮಜ್ಜೆಯನ್ನು ಪೂರ್ತಿ ಅಳಿಸಿ, ಅವಳು ಮಲಗುವ ಮೊದಲು ತೆಗೆದಿಟ್ಟಿದ್ದ ಮೂಲಕೋಶಗಳಿಂದ ಹೊಸದಾಗಿ ಬೆಳೆಸುವುದು. ಆ ಕೋಶಗಳಿಗೆ ಗುರುತು ತಪ್ಪಿರಲಿಲ್ಲ. ಆದರೆ ಅವು ಬೇರೂರುವ ತನಕ ಮೈಗೆ ಯಾವ ಕಾವಲೂ ಇರುವುದಿಲ್ಲ. ಸಣ್ಣ ನೆಗಡಿಯೂ ಕೊಲ್ಲಬಹುದು. ಹತ್ತು ಜನರಲ್ಲಿ ಏಳು ಜನ ಬದುಕುತ್ತಾರೆ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ಈ ರೋಗ ಜ್ವರಕ್ಕೆ ತಿರುಗುವುದರೊಳಗೆ ತೀರ್ಮಾನವಾಗಬೇಕಿತ್ತು. ಸೋತ ದೇಹ ಶೀತನಿದ್ರೆಯನ್ನೂ ತಾಳುವುದಿಲ್ಲ.

ತೀರ್ಮಾನ ಯಾರದು ಎಂದು ಗಂಗಾ ಕೇಳಿದಳು. ಡಾಕ್ಟರ್ ನೀಲಾಳ ಕಡತ ತೆರೆದು ತೋರಿಸಿದರು. ಜನ್ಮದಿನಾಂಕದ ಪ್ರಕಾರ ನೀಲಾಳಿಗೆ ಮೂವತ್ತಾರು ವರ್ಷ. ಮಲಗಿದ ವರ್ಷಗಳನ್ನು ಕಳೆಯಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ಅವಳ ಪರವಾಗಿ ತಾಯಿಯಾಗಲಿ ತಂಗಿಯಾಗಲಿ ಒಪ್ಪಿಗೆ ಕೊಡುವಂತಿಲ್ಲ.

"ಒಂಬತ್ತನೇತ್ತ ಓದೋ ಹುಡುಗೀರಿ ಅಕಿ" ಎಂದಳು ಗಂಗಾ.

"ನನಗೂ ಗೊತ್ತೈತಿ" ಎಂದರು ಡಾಕ್ಟರ್.

ಅವ್ವ ಅಂದು ಬಾಯಿ ಬಿಟ್ಟಳು. ನೀಲಾಳ ಎರಡೂ ಕೈ ಹಿಡಿದು, "ಮಲಕ್ಕೊ ನನ್ನವ್ವಾ" ಎಂದಳು. "ಮಲಗಿದ್ರ ನೀ ಇರ್ತಿ. ನನಗ ಅಷ್ಟ ಸಾಕು."

ಅಂದಿನಿಂದ ನೀಲಾಳನ್ನು ಕೇಂದ್ರದಲ್ಲೇ ಇಟ್ಟುಕೊಂಡರು. ಒಂದು ಬೆಳಿಗ್ಗೆ ಅವಳು, ತಾನು ಮಲಗಿದ್ದ ಜಾಗ ತೋರಿಸಿ ಎಂದು ಡಾಕ್ಟರನ್ನು ಕೇಳಿದಳು. ಅವರು ನಿಯಂತ್ರಣ ಕೊಠಡಿಗೆ ಕರೆದುಕೊಂಡು ಹೋದರು. ಕೆಳಗಿನ ಹಜಾರದಲ್ಲಿ ಸಾಲುಸಾಲು ಗಾಜಿನ ತೊಟ್ಟಿಲುಗಳು, ಪ್ರತಿಯೊಂದರ ತಲೆಯ ಬಳಿ ಹಸಿರು ದೀಪ. ಅವಳ ತೊಟ್ಟಿಲು ಖಾಲಿ ಇತ್ತು. ಡಾಕ್ಟರ್ ಪರದೆಯ ಮೇಲೆ ಅವಳ ಇಪ್ಪತ್ತೆರಡು ವರ್ಷದ ದಾಖಲೆ ತೆರೆದರು. ಎಡದಿಂದ ಬಲಕ್ಕೆ ಒಂದೇ ಗೆರೆ, ಅಲ್ಲಲ್ಲಿ ಕೂದಲೆಳೆಯಷ್ಟು ಕಂಪನ. ಇಷ್ಟೇನಾ ಎಂದು ನೀಲಾ ಕೇಳಿದಳು. ಇಷ್ಟೇ, ಏನೂ ಕೆಟ್ಟದ್ದಾಗದಿದ್ದರೆ ಹೀಗೇ ಇರುತ್ತದೆ ಎಂದು ಅವರು ಉತ್ತರಿಸಿದರು. ಆ ಗೆರೆಯೊಳಗೆ ಎಲ್ಲೋ ಅಪ್ಪ ಸತ್ತಿದ್ದ, ಗಂಗಾಳ ಮದುವೆಯಾಗಿತ್ತು, ಇಳಾ ಹುಟ್ಟಿದ್ದಳು. ಗೆರೆ ಎಲ್ಲಿಯೂ ಅಲುಗಿರಲಿಲ್ಲ. ನೀಲಾ ಬೆರಳಿನಿಂದ ಹುಡುಕಿ ಸಾಕಾಗಿ ಕೈ ಇಳಿಸಿದಳು.

ಮಧ್ಯಾಹ್ನ ಇಳಾ ಬಂದಳು. ತಂದ ಪುಸ್ತಕಗಳನ್ನು ಹಾಸಿಗೆಯ ಮೇಲೆ ಇಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಮೆಟ್ಟಿಲ ಹತ್ತಿರ ಹೊತ್ತುಕೊಂಡು ಓಡಿದ್ದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

"ಮಲಗ್ತೀ ಏನು?" ಎಂದು ಕೇಳಿದಳು.

ಗೊತ್ತಿಲ್ಲ ಎಂದಳು ನೀಲಾ. ಸಾಯಲು ಹೆದರಿಕೆ ಎಂದೂ ಹೇಳಿದಳು. ಈ ಮಾತನ್ನು ಅವಳು ದೊಡ್ಡವರ ಮುಂದೆ ಆಡಿರಲಿಲ್ಲ.

ಇಳಾ ಕಿಟಕಿ ಬಿಟ್ಟು ಇತ್ತ ತಿರುಗಿದಳು. ಆಮೇಲೆ ಹೇಳಿದಳು, "ನಾ ಹುಟ್ಟಿದಾಗಿಂದ ನನ್ನ ಎಲ್ಲಾ ಸೋಮವಾರ ನಿನಗ ಹೋಗ್ಯಾವ. ಜಾತ್ರಿ ಇಲ್ಲ, ಗೆಳತ್ಯಾರ ಮನಿ ಇಲ್ಲ. ನೀ ಏಳಲಿ ಅಂತ ನಾನೂ ಕಾದೀನಿ, ಸೋಮವಾರ ಮುಗೀಲಿ ಅಂತ. ನೀ ಮಲಗಿದ್ರ ಮತ್ತ ಅವ ಶುರು. ಹೆದರಿಕಿ ಆದ್ರ ಮಲಗು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಸಲುವಾಗಿ ಅಂತ ಮಲಗಬ್ಯಾಡ."

ಎದ್ದಾಗಿನಿಂದ ಇಷ್ಟು ನೇರವಾಗಿ ಅವಳೊಂದಿಗೆ ಯಾರೂ ಮಾತಾಡಿರಲಿಲ್ಲ. ನೀಲಾಳಿಗೆ ಅಳು ಬರಲಿಲ್ಲ, ಬದಲಿಗೆ ಮನಸ್ಸು ತಿಳಿಯಾದಂತೆನಿಸಿತು.

ಇಳಿಹೊತ್ತಿನಲ್ಲಿ ಅವ್ವನನ್ನು ಕರೆದುಕೊಂಡು ಅವಳು ಅಂಗಳದ ಬೇವಿನ ಮರದ ಕೆಳಗೆ ಕುಳಿತಳು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸೋಮವಾರಗಳಂದು ಏನು ಹೇಳುತ್ತಿದ್ದೆ ಎಂದು ಅವಳು ಕೇಳಿದಳು. ಎಲ್ಲಾ ಹೇಳುತ್ತಿದ್ದೆ ಎಂದಳು ಅವ್ವ.

"ಅಪ್ಪ ಹೋದದ್ದೂ?"

"ಅದನ್ನೂ. ಮಣ್ಣು ಮಾಡಿ ಬಂದು, ಮರುದಿನ ನಿನ್ನ ಮುಂದ ಕುಂತು ಹೇಳೀನಿ."

"ನನಗ ಕೇಳಿಲ್ಲವ್ವಾ. ಈಗ ಹೇಳು."

ಅವ್ವ ಮೊದಲು ಆಗುವುದಿಲ್ಲ ಎಂಬಂತೆ ತಲೆ ಆಡಿಸಿದಳು. ಆಮೇಲೆ ಒಂದೊಂದೇ ಮಾತಾಗಿ ಬಂತು. ಅಪ್ಪನ ಹೃದಯ ದೊಡ್ಡದಾಗುತ್ತ ಹೋಗಿತ್ತು. ಕೇಂದ್ರದವರು ಅವನನ್ನೂ ಮಲಗಿಸುತ್ತೇವೆ, ಮಗಳ ಪಕ್ಕದಲ್ಲೇ ಜಾಗ ಕೊಡುತ್ತೇವೆ ಎಂದಿದ್ದರು. ಅವನು ಎರಡು ದಿನ ಯೋಚಿಸಿ ಬೇಡವೆಂದ. ಯಾಕೆ ಎಂದು ಅವ್ವ ಜಗಳ ತೆಗೆದಾಗ, ಇಳಾಳನ್ನು ಶಾಲೆಗೆ ಬಿಡುವವರು ಯಾರು ಎಂದು ಕೇಳಿದ. ಅದಾದ ಮೇಲೆ ವರ್ಷದ ಮೇಲೆ ಸ್ವಲ್ಪ ದಿನ ಬದುಕಿದ್ದ. ದಿನವೂ ಮೊಮ್ಮಗಳನ್ನು ಶಾಲೆಗೆ ಬಿಟ್ಟ, ಕರೆತಂದ. ಖಾನಾವಳಿಗೆ ಬಂದವರಿಗೆ ಹಳೆಯ ಬಸ್ಸಿನ ಕತೆ ಹೇಳಿ ನಗಿಸಿದ. ಒಂದು ಮಧ್ಯಾಹ್ನ ಊಟ ಮಾಡಿ, ಗಲ್ಲಾದ ಹಿಂದೆ ಕೂತಲ್ಲೇ ಹೋಗಿಬಿಟ್ಟ. ನಿದ್ದೆ ಹತ್ತಿದೆ ಎಂದು ಗಿರಾಕಿಗಳು ಮೆಲ್ಲಗೆ ಮಾತಾಡುತ್ತಿದ್ದರಂತೆ.

ಅವ್ವ ಅಲ್ಲಿಗೆ ನಿಲ್ಲಿಸಲಿಲ್ಲ. ಗಂಗಾಳ ಮದುವೆಯ ಅಡುಗೆ ಕೆಟ್ಟದ್ದು, ಇಳಾ ಹುಟ್ಟಿದ ದಿನ ಮೂಡಣ ಗಾಳಿ ಬೀಸಿದ್ದು, ಪಕ್ಕದ ಮನೆಯವರು ಊರು ಬಿಟ್ಟದ್ದು, ಒಂದರ ಬಾಲ ಹಿಡಿದು ಒಂದು ಬಂತು. ನೀಲಾ ನಡುವೆ ಪ್ರಶ್ನೆ ಕೇಳಿದಳು, ಒಂದೆರಡು ಸಲ ನಕ್ಕಳು. ಅವಳು ನಕ್ಕಾಗ ಅವ್ವ ತಟ್ಟನೆ ಮಾತು ನಿಲ್ಲಿಸಿ ಅವಳ ಮುಖ ನೋಡಿದಳು. ಗಾಜು ಎಂದೂ ನಕ್ಕಿರಲಿಲ್ಲ.

"ಅವ್ವಾ" ಎಂದಳು ನೀಲಾ, "ನಾ ಮತ್ತ ಮಲಗಿದ್ರ ನನಗೇನು, ಕಣ್ಣು ಮುಚ್ಚಿ ತೆರದಂಗ. ಆದ್ರ ತೆರದಾಗ ನೀ ಇರಂಗಿಲ್ಲ. ನಿನ್ನ ಸುದ್ದಿ ಯಾರ ಕಡೆ ಕೇಳ್ಲಿ?"

ಅವ್ವ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು. ಈ ಸಲ ಕೈ ಒರೆಸಿಕೊಳ್ಳಲಿಲ್ಲ.

ಮರುದಿನ ನೀಲಾ ಡಾಕ್ಟರ್ ಸಬೀಹಾ ಅವರಿಗೆ ತನ್ನ ತೀರ್ಮಾನ ಹೇಳಿದಳು. ಸಹಿ ಹಾಕಬೇಕಾದಾಗ ಪೆನ್ನು ಹಿಡಿದು ತಡವರಿಸಿದಳು. ಅವಳಿಗೆ ಸಹಿ ಎಂಬುದೇ ಇರಲಿಲ್ಲ. ಹದಿನಾಲ್ಕರ ಹುಡುಗಿಗೆ ಸಹಿ ಎಲ್ಲಿಂದ ಬರಬೇಕು? ಶಾಲೆಯ ಪುಸ್ತಕದ ಮೇಲೆ ಬರೆಯುವಂತೆ ಪೂರ್ತಿ ಹೆಸರನ್ನು ದುಂಡಗೆ ಬರೆದಳು. ಗಂಗಾ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತು, ಮುಖ ತೊಳೆದು ಬಂದಳು. ಬಂದವಳೇ, "ಊಟ ಬಿಟ್ಟಿ ಅಂದ್ರ ನೋಡು ಮತ್ತ, ಯಕ್ಕಾ" ಎಂದು ಗದರಿದಳು. ನೀಲಾ ಮೊದಲ ಬಾರಿಗೆ ಎದುರು ಮಾತಾಡದೆ ಹೂಂ ಅಂದಳು. ಗದರುವುದು ತಂಗಿಯ ಹೆದರಿಕೆ ಎಂದು ಅವಳಿಗೆ ಆಗ ತಿಳಿಯಿತು.

ಔಷಧಿ ಕೊಟ್ಟು, ಸೋಸಿದ ಗಾಳಿಯ ಕೋಣೆಯಲ್ಲಿ ಅವಳನ್ನು ಇಟ್ಟರು. ಮತ್ತೆ ನಡುವೆ ಗಾಜು ಬಂತು, ಆದರೆ ಈ ಸಲ ಎರಡೂ ಕಡೆ ಜನ ಎಚ್ಚರವಾಗಿದ್ದರು. ಅವ್ವ ಹೊರಗಿನಿಂದ ಮೈಕಿನಲ್ಲಿ ಮಾತಾಡುತ್ತಿದ್ದಳು, ನೀಲಾ ಒಳಗಿನಿಂದ ಉತ್ತರಿಸುತ್ತಿದ್ದಳು. ಕೂದಲು ಉದುರಿತು. ಬಾಯೆಲ್ಲ ಹುಣ್ಣಾಗಿ ನೀರು ನುಂಗಲೂ ಆಗದಾಯಿತು. ಎರಡನೇ ವಾರದಲ್ಲಿ ಜ್ವರ ಏರಿತು. ಮಾತು ನಿಂತಿತು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅವಳ ಗೆರೆ ಬೆಟ್ಟದ ಸಾಲಿನಂತೆ ಏರಿ ಇಳಿಯಿತು. ಡಾಕ್ಟರ್ ಸಬೀಹಾ ಮನೆಗೆ ಹೋಗುವುದನ್ನು ಬಿಟ್ಟರು. ಗಂಗಾ ಖಾನಾವಳಿಯನ್ನು ಮುಚ್ಚಿದಳು. ಅವ್ವ ಮಾತ್ರ ಮೈಕು ಬಿಡಲಿಲ್ಲ. ಒಳಗೆ ಕೇಳಿಸುತ್ತಿದೆಯೋ ಇಲ್ಲವೋ ಎಂಬ ಚಿಂತೆ ಅವಳಿಗೆ ಹೊಸದೇನಲ್ಲವಲ್ಲ. ಆದರೆ ಇಳಾ ಗಮನಿಸಿದಳು: ಅಜ್ಜಿ ಈಗ ಸುದ್ದಿ ಹೇಳುತ್ತಿರಲಿಲ್ಲ. ಏಳು, ಏಳು ಎನ್ನುತ್ತಿದ್ದಳು.

ಒಂದು ಮುಂಜಾನೆ ರಕ್ತದ ಪರೀಕ್ಷೆಯಲ್ಲಿ ಹೊಸ ಕೋಶಗಳು ಕಂಡವು. ಬೆರಳೆಣಿಕೆಯಷ್ಟು. ಯಂತ್ರದ ತಪ್ಪಿರಬಹುದೆಂದು ಡಾಕ್ಟರ್ ಮತ್ತೆ ನೋಡಿಸಿದರು. ಮರುದಿನ ದುಪ್ಪಟ್ಟಾದವು, ಅದರ ಮರುದಿನ ಇನ್ನಷ್ಟು. ಜ್ವರ ಇಳಿಯಿತು. ಹೊಸ ಕಾವಲಿನವರು ಹೊಸ ಶ್ವಾಸಕೋಶಗಳ ಪಕ್ಕದಲ್ಲಿ ಹಾದುಹೋದರು, ತಮ್ಮವರೆಂದು ಗುರುತಿಸಿದರು, ಮುಟ್ಟಲಿಲ್ಲ. ಡಾಕ್ಟರ್ ಸಬೀಹಾ ಮುಖಗವಸು ಕಳಚಿ ಕಾರಿಡಾರಿಗೆ ಬಂದಾಗ ಅವರು ನಗುತ್ತಿರುವುದನ್ನು ಕಂಡು ಗಂಗಾ ಓಡಿಹೋಗಿ ಅವ್ವನನ್ನು ತಬ್ಬಿಕೊಂಡಳು.

ಬೆಟಗೇರಿಗೆ ಮರಳಿದಾಗ ಮಳೆಗಾಲ ಮುಗಿದಿತ್ತು. ನೀಲಾಳ ತಲೆಯ ಮೇಲೆ ಬೆರಳುದ್ದ ಕೂದಲು ಬಂದಿತ್ತು. ಶಾಲೆಗೆ ಹೋದಾಗ ಇಳಾ ತನ್ನ ಬೆಂಚಿನಲ್ಲಿ ಜಾಗ ಬಿಟ್ಟು ಕೂತಿದ್ದಳು. ಏನೆಂದು ಕರೆಯಬೇಕೆಂಬ ಪ್ರಶ್ನೆಗೆ ಅವರಿಬ್ಬರೇ ಒಂದು ಒಪ್ಪಂದ ಮಾಡಿಕೊಂಡರು: ಮನೆಯಲ್ಲಿ ಅಜ್ಜಿಯ ಎದುರು ದೊಡ್ಡವ್ವ, ಉಳಿದೆಡೆಯೆಲ್ಲ ನೀಲಿ.

ಚಳಿಗಾಲದ ಒಂದು ಭಾನುವಾರ ಇಬ್ಬರೂ ಸೈಕಲ್ ತೆಗೆದುಕೊಂಡು ಭೀಷ್ಮ ಕೆರೆಗೆ ಹೋದರು. ಬೇಗ ಬರುತ್ತೇವೆಂದು ಹೇಳಿದ್ದರು. ಕೆರೆಯ ಏರಿಯ ಮೇಲೆ ಯಾರು ಮುಂದೆ ಎಂದು ಪಂದ್ಯ ಕಟ್ಟಿದರು. ನೀಲಾ ಪೆಡಲು ತುಳಿದಳು, ಇನ್ನೂ ತುಳಿದಳು. ಎದೆ ತುಂಬ ಗಾಳಿ ಹೋಗಿ ಬಂತು, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಸೋತದ್ದು ಅವಳೇ. ಆದರೂ ಇನ್ನೊಮ್ಮೆ, ಮತ್ತೊಮ್ಮೆ ಎಂದು ಹಟ ಹಿಡಿದಳು. ಮನೆಯ ನೆನಪಾಗುವ ಹೊತ್ತಿಗೆ ದೀಪ ಹತ್ತಿದ್ದವು.

ಓಣಿಯ ತಿರುವಿಗೆ ಬರುವ ಮೊದಲೇ ಅವ್ವನ ದನಿ ಕೇಳಿಸಿತು. ಖಾನಾವಳಿಯ ಕಟ್ಟೆಯ ಮೇಲೆ ನಿಂತಿದ್ದಳು. ಗಿರಾಕಿಗಳು ತುತ್ತು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ನೀಲೀ! ಹೊತ್ತು ಗೊತ್ತು ಏನಾರ ಐತಿ ನಿನಗ? ಹೇಳಿ ಹೋದದ್ದೇನು, ಬಂದದ್ದು ಯಾವಾಗ? ಕಾಲು ಮುರೀತೀನಿ ನೋಡು ಇನ್ನೊಮ್ಮೆ!"

ಇಳಾ ಹೆದರಿ ಸೈಕಲ್ಲಿನ ಹಿಂದೆ ಅಡಗಿದಳು. ಗಂಗಾ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ಅವಾಕ್ಕಾಗಿ ನಿಂತಳು. ಅವ್ವ ಬಯ್ಯುತ್ತಲೇ ಇದ್ದಳು, ಉಸಿರು ಬಿಡದೆ, ಓಣಿಯ ಆ ತುದಿಗೆ ಕೇಳುವ ಹಾಗೆ. ನೀಲಾ ಸೈಕಲ್ ಹಿಡಿದು ತಲೆ ತಗ್ಗಿಸಿ ನಿಂತು, ಒಂದು ಮಾತೂ ಬಿಡದಂತೆ ಕೇಳಿಸಿಕೊಂಡಳು.